ಒಂದು ಸರ್ವರ್ ಏದುಸಿರು ಬಿಡುತ್ತಿದೆ, ಪಕ್ಕದ್ದು ಖಾಲಿ ಕೂತಿದೆ: ಡೇಟಾಬೇಸ್ ಕನೆಕ್ಷನ್ ಹಂಚಿಕೆ ಎಲ್ಲಿ ಎಡವುತ್ತದೆ

ಮೂರು ಡೇಟಾಬೇಸ್ ಸರ್ವರ್‌ಗಳ ಕ್ಲಸ್ಟರ್, ಅದರ ಮುಂದೊಂದು ಲೋಡ್ ಬ್ಯಾಲೆನ್ಸರ್, ಅಂದರೆ ಬರುವ ಕನೆಕ್ಷನ್‌ಗಳನ್ನು ಸರ್ವರ್‌ಗಳ ನಡುವೆ ಹಂಚುವ ವ್ಯವಸ್ಥೆ. ಸರದಿ ಪ್ರಕಾರ ಹಂಚು ಎಂದು ಅದಕ್ಕೆ ಹೇಳಿಯೂ ಆಗಿದೆ. ಆದರೂ ಮಾನಿಟರಿಂಗ್ ಪರದೆಯಲ್ಲಿ ಮೊದಲ ಸರ್ವರ್‌ನ ಸಿಪಿಯು ಶೇ 90 ಮುಟ್ಟಿದೆ, ಉಳಿದೆರಡು ಶೇ 15 ದಾಟಿಲ್ಲ. ಕಾನ್ಫಿಗರೇಶನ್ ಫೈಲನ್ನು ಎಷ್ಟು ಸಲ ತಿರುವಿ ಹಾಕಿದರೂ ತಪ್ಪು ಸಿಗುವುದಿಲ್ಲ, ಏಕೆಂದರೆ ತಪ್ಪು ಅಲ್ಲಿಲ್ಲ. ಬ್ಯಾಲೆನ್ಸರ್ ಕನೆಕ್ಷನ್‌ಗಳನ್ನು ಸಮನಾಗಿಯೇ ಹಂಚಿದೆ. ಅದು ಕೆಲಸವನ್ನೂ ಹಂಚುತ್ತದೆ ಎಂದುಕೊಂಡವರು ನಾವು.

ವೆಬ್ ಸರ್ವರ್‌ಗಳ ಮುಂದೆ ಬ್ಯಾಲೆನ್ಸರ್ ಇಟ್ಟು ಪಳಗಿದವರೂ ಇಲ್ಲಿ ಎಡವುತ್ತಾರೆ. ವೆಬ್‌ನಲ್ಲಿ ಒಂದೊಂದು ಕೋರಿಕೆಯೂ ಚಿಕ್ಕದು, ಸ್ವತಂತ್ರ. ಇದು ಈ ಸರ್ವರ್‌ಗೆ, ಮುಂದಿನದು ಆ ಸರ್ವರ್‌ಗೆ ಹೋದರೆ ಯಾರಿಗೂ ನಷ್ಟವಿಲ್ಲ. ಡೇಟಾಬೇಸ್ ಕನೆಕ್ಷನ್ ತೆರೆಯುವುದೇ ದುಬಾರಿ: ಟಿಸಿಪಿ ಹ್ಯಾಂಡ್‌ಶೇಕ್, ಟಿಎಲ್ಎಸ್, ಪಾಸ್‌ವರ್ಡ್ ಪರಿಶೀಲನೆ, ಆಮೇಲೆ ಪೋಸ್ಟ್‌ಗ್ರೆಸ್ ಆದರೆ ಆ ಕನೆಕ್ಷನ್‌ಗೆಂದೇ ಒಂದು ಪ್ರೊಸೆಸ್, ಮೈಎಸ್‌ಕ್ಯೂಎಲ್ ಆದರೆ ಒಂದು ಥ್ರೆಡ್. ತೆರೆದ ಮೇಲೆ ಅದಕ್ಕೆ ನೆನಪು ಬೇರೆ ಅಂಟಿಕೊಳ್ಳುತ್ತದೆ: ಅರ್ಧದಲ್ಲಿರುವ ಟ್ರಾನ್ಸಾಕ್ಷನ್, ತಾತ್ಕಾಲಿಕ ಟೇಬಲ್, ಸೆಶನ್ ಸೆಟ್ಟಿಂಗ್, ಮೊದಲೇ ಸಿದ್ಧಪಡಿಸಿಟ್ಟ ಕ್ವೆರಿ ಅಂದರೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಆದ್ದರಿಂದಲೇ ಅಪ್ಲಿಕೇಶನ್‌ಗಳು ಕನೆಕ್ಷನ್‌ಗಳನ್ನು ಪೂಲ್‌ನಲ್ಲಿ ಗಂಟೆಗಟ್ಟಲೆ ತೆರೆದಿಟ್ಟುಕೊಂಡು ಮತ್ತೆ ಮತ್ತೆ ಬಳಸುತ್ತವೆ. ಬ್ಯಾಲೆನ್ಸರ್‌ನ ಮಾತು ನಡೆಯುವುದು ಕನೆಕ್ಷನ್ ಹುಟ್ಟುವ ಗಳಿಗೆಯಲ್ಲಿ ಮಾತ್ರ. ಆಮೇಲೆ ಆ ಕೊಳವೆಯಲ್ಲಿ ಎರಡು ಗಂಟೆ ಓಡುವ ವರದಿ ಹರಿಯುತ್ತದೋ, ಏನೂ ಹರಿಯದೆ ಸುಮ್ಮನಿರುತ್ತದೋ, ಅದಕ್ಕೆ ತಿಳಿಯದು. ಮುಂದೆ ಹೇಳುವ ತೊಂದರೆಗಳಲ್ಲಿ ಹೆಚ್ಚಿನವುಗಳ ಬೇರು ಇದೊಂದೇ.

ಮೊದಲು ಲೆಕ್ಕ

ಅಪ್ಲಿಕೇಶನ್‌ನ 40 ಪ್ರತಿಗಳು ಓಡುತ್ತಿವೆ, ಪ್ರತಿಯೊಂದರ ಪೂಲ್‌ನಲ್ಲಿ 10 ಕನೆಕ್ಷನ್ ಎಂದುಕೊಳ್ಳೋಣ (ಜಾವಾ ಲೋಕದ ಹಿಕಾರಿಸಿಪಿ ಪೂಲ್‌ನ ಡಿಫಾಲ್ಟ್ ಮಿತಿ 10). ಒಟ್ಟು 400. ಮೂರು ಸರ್ವರ್‌ಗೆ ಹಂಚಿದರೆ ತಲಾ ಸುಮಾರು 133. ಪೋಸ್ಟ್‌ಗ್ರೆಸ್‌ನ ಡಿಫಾಲ್ಟ್ ಗರಿಷ್ಠ ಮಿತಿ 100; ಅದರಲ್ಲೂ 3 ಸೂಪರ್‌ಯೂಸರ್‌ಗೆ ಮೀಸಲು, ಉಳಿಯುವುದು 97. ಅಂದರೆ ಎಲ್ಲ ಸರ್ವರ್‌ಗಳು ಚೆನ್ನಾಗಿರುವಾಗಲೇ ಸಾಲದು. ಮೈಎಸ್‌ಕ್ಯೂಎಲ್‌ನ ಡಿಫಾಲ್ಟ್ 151. ಮೂರೂ ಇದ್ದಾಗ ಸಾಕು, ಒಂದು ಬಿದ್ದ ಕೂಡಲೇ ಉಳಿದೆರಡರ ಮೇಲೆ ತಲಾ 200 ಬಂದು ಕೂರುತ್ತವೆ, ಆಗ ಅದೂ ಸಾಲದು.

ಹಾಗಾಗಿ ಭಾಗಿಸಬೇಕಾದದ್ದು ಸರ್ವರ್‌ಗಳ ಸಂಖ್ಯೆಯಿಂದಲ್ಲ, ಅದರಲ್ಲಿ ಒಂದು ಕಳೆದು ಉಳಿದದ್ದರಿಂದ. ಇನ್ನೊಂದು ಅಂಶ ಹಲವರಿಗೆ ಮರೆತೇ ಹೋಗುತ್ತದೆ: ಹೊಸ ಆವೃತ್ತಿ ಬಿಡುಗಡೆ ಮಾಡುವಾಗ ಹಳೆಯ ಪ್ರತಿಗಳೂ ಹೊಸವೂ ಸ್ವಲ್ಪ ಹೊತ್ತು ಒಟ್ಟಿಗೆ ಓಡುತ್ತವೆ. 40ರ ಜೊತೆ ಇನ್ನೂ 10 ಎದ್ದರೆ ಒಟ್ಟು 500 ಕನೆಕ್ಷನ್. ಅದೇ ವೇಳೆಗೆ ಒಂದು ಸರ್ವರ್ ಬಿದ್ದರೆ ತಲಾ 250. ಮಿತಿಯನ್ನು ಕಣ್ಣು ಮುಚ್ಚಿ 1000ಕ್ಕೆ ಏರಿಸುವುದೂ ಪರಿಹಾರವಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್ ಒಂದು ಪ್ರೊಸೆಸ್ ಆದ್ದರಿಂದ, ಎಲ್ಲವೂ ಏಕಕಾಲಕ್ಕೆ ಎಚ್ಚೆತ್ತರೆ ಮೆಮೊರಿಗೂ ಸಿಪಿಯುಗೂ ಎಳೆದಾಟ ಶುರು. ಪೂಲ್‌ಗಳನ್ನು ಕಿರಿದು ಮಾಡುವುದು ಬಹಳ ಸಲ ಹೆಚ್ಚು ಒಳ್ಳೆಯ ದಾರಿ.

ಹಂಚುವವರು ಯಾರು

ಅತಿ ಅಗ್ಗದ ದಾರಿ ಡಿಎನ್ಎಸ್: ಒಂದು ಹೆಸರು, ಮೂರು ಐಪಿ ವಿಳಾಸ. ಅತಿ ದುರ್ಬಲವಾದದ್ದೂ ಅದೇ. ಸತ್ತ ಸರ್ವರ್‌ನ ವಿಳಾಸವನ್ನೂ ಡಿಎನ್ಎಸ್ ಯಾವ ಸಂಕೋಚವಿಲ್ಲದೆ ಕೊಡುತ್ತಿರುತ್ತದೆ, ನಡುವಿನ ಕ್ಯಾಶ್‌ಗಳು ಹಳೆಯ ಉತ್ತರವನ್ನೇ ಹಿಡಿದುಕೊಂಡಿರುತ್ತವೆ. ಒಂದೇ ಯಂತ್ರದ ಹತ್ತು ಕನೆಕ್ಷನ್‌ಗಳೂ ಕ್ಯಾಶ್‌ನಲ್ಲಿದ್ದ ಒಂದೇ ಉತ್ತರ ನೋಡಿ ಒಂದೇ ಕಡೆ ಹೋಗಿ ಕೂತರೂ ಆಶ್ಚರ್ಯವಿಲ್ಲ.

ಎರಡನೆಯದು ಡ್ರೈವರ್, ಅಂದರೆ ಅಪ್ಲಿಕೇಶನ್‌ನೊಳಗಿದ್ದು ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿ. ಪೋಸ್ಟ್‌ಗ್ರೆಸ್‌ನ ಲಿಬ್‌ಪಿಕ್ಯೂ ಲೈಬ್ರರಿ 2017ರ 10ನೇ ಆವೃತ್ತಿಯಿಂದ ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಹಲವು ಹೋಸ್ಟ್‌ಗಳ ಪಟ್ಟಿ ಒಪ್ಪುತ್ತದೆ. ಆದರೆ ಪಟ್ಟಿ ಕೊಟ್ಟ ಮಾತ್ರಕ್ಕೆ ಹಂಚಿಕೆಯಾಗುವುದಿಲ್ಲ. ಅದು ಬರೆದ ಕ್ರಮದಲ್ಲೇ ಪ್ರಯತ್ನಿಸುತ್ತದೆ. ಮೊದಲನೆಯದು ಬದುಕಿರುವಷ್ಟು ಕಾಲ ಎಲ್ಲರೂ ಅಲ್ಲೇ. ಪಟ್ಟಿಯಿಂದ ಯಾದೃಚ್ಛಿಕವಾಗಿ ಆರಿಸುವ ಆಯ್ಕೆ ಬಂದದ್ದು 2023ರ 16ನೇ ಆವೃತ್ತಿಯಲ್ಲಿ, ಅದೂ ಡಿಫಾಲ್ಟ್ ಆಗಿ ಆಫ್ ಇರುತ್ತದೆ. ಯಾದೃಚ್ಛಿಕ ಆಯ್ಕೆ ದೊಡ್ಡ ಸಂಖ್ಯೆಯಲ್ಲಿ ಚೆನ್ನಾಗಿ ನಡೆಯುತ್ತದೆ: 400 ಕನೆಕ್ಷನ್‌ಗಳಾದರೆ ಸರಾಸರಿ 133ರಿಂದ ಹತ್ತಿಪ್ಪತ್ತು ಆಚೀಚೆ. ಒಂಬತ್ತೇ ಕನೆಕ್ಷನ್‌ಗಳಿದ್ದರೆ ಮಾತ್ರ 6, 2, 1 ಎಂದು ಬೀಳುವುದು ಅಪರೂಪವೇನಲ್ಲ.

ಇಲ್ಲೊಂದು ಟೈಮ್‌ಔಟ್ ಬಲೆ ಇದೆ. ಲಿಬ್‌ಪಿಕ್ಯೂಗೆ ಕನೆಕ್ಟ್ ಟೈಮ್‌ಔಟ್ ಕೊಡದಿದ್ದರೆ ಅದು ತಾನಾಗಿ ಕೈಬಿಡುವುದಿಲ್ಲ, ಕಾಯುತ್ತಲೇ ಇರುತ್ತದೆ. ಯಂತ್ರವೇ ಆರಿಹೋಗಿ ಯಾವ ಉತ್ತರವೂ ಬರದಿದ್ದರೆ ಲಿನಕ್ಸ್ ಕರ್ನಲ್ ತನ್ನ ಡಿಫಾಲ್ಟ್ ಪ್ರಕಾರ ಹಲವು ಸಲ ಮರುಯತ್ನಿಸಿ ಸೋಲೊಪ್ಪುವ ಹೊತ್ತಿಗೆ ಸುಮಾರು 130 ಸೆಕೆಂಡ್ ಕಳೆದಿರುತ್ತದೆ. ಅಷ್ಟೂ ಹೊತ್ತು ಪಟ್ಟಿಯ ಎರಡನೇ ಹೆಸರು ಸುಮ್ಮನೆ ಕಾಯುತ್ತಿರುತ್ತದೆ. ಎರಡು ಮೂರು ಸೆಕೆಂಡಿನ ಟೈಮ್‌ಔಟ್ ಕೊಡಿ. ಅದು ಪ್ರತಿ ಹೋಸ್ಟ್‌ಗೂ ಬೇರೆ ಬೇರೆಯಾಗಿ ಅನ್ವಯಿಸುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಮೂರನೆಯದು ನಡುವಿನ ಪ್ರಾಕ್ಸಿ, ಅಂದರೆ ಅಪ್ಲಿಕೇಶನ್‌ಗೂ ಡೇಟಾಬೇಸ್‌ಗೂ ನಡುವೆ ನಿಂತು ಕನೆಕ್ಷನ್ ದಾಟಿಸುವ ಪ್ರೋಗ್ರಾಂ. ಹೆಚ್ಚಾಗಿ ಕಾಣುವುದು ಎಚ್ಎಪ್ರಾಕ್ಸಿ, ಮೈಎಸ್‌ಕ್ಯೂಎಲ್ ಬಳಗದಲ್ಲಿ ಪ್ರಾಕ್ಸಿಎಸ್‌ಕ್ಯೂಎಲ್. ಪ್ರಾಕ್ಸಿ ಇಟ್ಟರೆ ಆ ಪ್ರಾಕ್ಸಿಯೇ ಬಿದ್ದರೆ ಏನು ಗತಿ ಎಂಬ ಪ್ರಶ್ನೆ ಹುಟ್ಟುತ್ತದೆ. ಎರಡು ಪ್ರಾಕ್ಸಿ ಇಟ್ಟು ಕೀಪ್‌ಅಲೈವ್‌ಡಿ ಮೂಲಕ ಒಂದು ವರ್ಚುವಲ್ ಐಪಿ (ಒಂದು ಬಿದ್ದರೆ ಇನ್ನೊಂದಕ್ಕೆ ಜಿಗಿಯುವ ವಿಳಾಸ) ಹಂಚಿಕೊಳ್ಳುವುದು ಒಂದು ಕ್ರಮ. ಪ್ರತಿ ಅಪ್ಲಿಕೇಶನ್ ಯಂತ್ರದಲ್ಲೂ ಒಂದೊಂದು ಪ್ರಾಕ್ಸಿ ಓಡಿಸುವುದು ಇನ್ನೊಂದು. ಎರಡನೆಯ ಕ್ರಮದಲ್ಲಿ ಒಬ್ಬೊಬ್ಬರ ಲೆಕ್ಕ ಒಬ್ಬೊಬ್ಬರದೇ. 40 ಪ್ರಾಕ್ಸಿಗಳಲ್ಲಿ ಯಾವುದಕ್ಕೂ ಉಳಿದ 39ರ ಕನೆಕ್ಷನ್‌ಗಳು ಕಾಣುವುದಿಲ್ಲ. ತಲಾ 10 ಕನೆಕ್ಷನ್‌ಗಳನ್ನು ಪಟ್ಟಿಯ ಮೊದಲ ಸರ್ವರ್‌ನಿಂದ ಶುರುಮಾಡಿ ಸರದಿಯಂತೆ ಹಂಚಿದರೆ 4, 3, 3. ನಲವತ್ತರಿಂದ ಗುಣಿಸಿದರೆ 160, 120, 120. ಮೊದಲ ಸರ್ವರ್‌ಗೆ ಮೂರನೇ ಒಂದು ಪಾಲು ಹೆಚ್ಚು ಹೊರೆ, ಯಾರ ತಪ್ಪೂ ಇಲ್ಲದೆ. ಯಂತ್ರದಿಂದ ಯಂತ್ರಕ್ಕೆ ಪಟ್ಟಿಯ ಕ್ರಮ ಅದಲು ಬದಲು ಮಾಡಿಟ್ಟರೆ ಇದು ತಪ್ಪುತ್ತದೆ. ಸರ್ವರ್ ಬದುಕಿದೆಯೇ ಎಂದು ವಿಚಾರಿಸುವ ಹೆಲ್ತ್ ಚೆಕ್‌ಗಳೂ ಗುಣಿಸುತ್ತವೆ: ಎರಡು ಸೆಕೆಂಡಿಗೊಂದರಂತೆ 40 ಪ್ರಾಕ್ಸಿಗಳು ಕೇಳಿದರೆ ಪ್ರತಿ ಡೇಟಾಬೇಸ್ ಸರ್ವರ್ ಸೆಕೆಂಡಿಗೆ 20 ಸಲ ‘ಇದ್ದೀಯಾ’ಗೆ ಉತ್ತರ ಕೊಡಬೇಕು.

ನಾಲ್ಕನೆಯದು, ಡೇಟಾಬೇಸ್ ತಾನೇ ಹಂಚುವುದು. ಒರಾಕಲ್ ರ‍್ಯಾಕ್ ಎಂಬ ಕ್ಲಸ್ಟರ್ ವ್ಯವಸ್ಥೆ ಇದಕ್ಕೆ ಮಾದರಿ. 11ಜಿ ರಿಲೀಸ್ 2ರಲ್ಲಿ ಬಂದ ಸ್ಕ್ಯಾನ್ ವ್ಯವಸ್ಥೆಯಲ್ಲಿ ಇಡೀ ಕ್ಲಸ್ಟರ್‌ಗೆ ಒಂದೇ ಹೆಸರು, ಅದರ ಹಿಂದೆ ಸಾಮಾನ್ಯವಾಗಿ ಮೂರು ಐಪಿ. ಕ್ಲೈಂಟ್ ಮೊದಲು ಸ್ಕ್ಯಾನ್ ಲಿಸನರ್‌ನ ಬಾಗಿಲು ತಟ್ಟುತ್ತದೆ. ಪ್ರತಿ ನೋಡ್ (ಕ್ಲಸ್ಟರ್‌ನ ಒಂದೊಂದು ಸರ್ವರ್) ತನ್ನ ಹೊರೆಯ ವರದಿಯನ್ನು ಲಿಸನರ್‌ಗೆ ಕಳಿಸುತ್ತಿರುವುದರಿಂದ, ಕಡಿಮೆ ಹೊರೆಯ ನೋಡ್ ಯಾವುದೆಂದು ನೋಡಿ ಅದರ ವರ್ಚುವಲ್ ಐಪಿಗೆ ಹೋಗು ಎಂದು ಲಿಸನರ್ ಕ್ಲೈಂಟನ್ನು ಅತ್ತ ಕಳಿಸುತ್ತದೆ. ಎರಡು ಹೆಜ್ಜೆ, ಎರಡು ಬೇರೆ ವಿಳಾಸ. ಫೈರ್‌ವಾಲ್‌ನಲ್ಲಿ ಸ್ಕ್ಯಾನ್ ಐಪಿಗಳಿಗಷ್ಟೇ 1521 ಪೋರ್ಟ್ ತೆರೆದು ನೋಡ್‌ಗಳ ವರ್ಚುವಲ್ ಐಪಿಗಳನ್ನು ಮರೆತರೆ ಮೊದಲ ಹೆಜ್ಜೆ ಸಲೀಸು, ಎರಡನೆಯದರಲ್ಲಿ ಕ್ಲೈಂಟ್ ನಿಂತಲ್ಲೇ ನಿಲ್ಲುತ್ತದೆ. ‘ಪೋರ್ಟ್ ಓಪನ್ ಇದೆ, ಟೆಲ್ನೆಟ್ ಹೋಗುತ್ತದೆ, ಆದರೂ ಕನೆಕ್ಟ್ ಆಗುತ್ತಿಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಹೊರೆ ಅಳೆಯುವ ರೀತಿಯನ್ನು ಸರ್ವಿಸ್ ಮಟ್ಟದಲ್ಲಿ ‘ಲಾಂಗ್’ ಅಥವಾ ‘ಶಾರ್ಟ್’ ಎಂದು ಆರಿಸಬಹುದು. ಲಾಂಗ್ ಎಂದರೆ ಸೆಶನ್‌ಗಳ ಎಣಿಕೆ; ಪೂಲ್‌ನಲ್ಲಿ ಕೂರುವ ದೀರ್ಘ ಕನೆಕ್ಷನ್‌ಗಳಿಗೆ ಇದು, ಡಿಫಾಲ್ಟ್ ಕೂಡ ಇದೇ.

ಒರಾಕಲ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಯಾವ ನೋಡ್ ಈಗ ಎಷ್ಟು ಚುರುಕಾಗಿದೆ ಎಂಬ ಸುದ್ದಿಯನ್ನು ಅದರ ಪೂಲ್ ಕೇಳಿಸಿಕೊಳ್ಳುತ್ತಾ, ಅಪ್ಲಿಕೇಶನ್ ಕನೆಕ್ಷನ್ ಕೇಳಿದಾಗಲೆಲ್ಲ ಚುರುಕಾದ ನೋಡ್‌ನದನ್ನೇ ಹೆಚ್ಚಾಗಿ ಎತ್ತಿಕೊಡುತ್ತದೆ. ನಿರ್ಧಾರ ಹುಟ್ಟುವಾಗಷ್ಟೇ ಅಲ್ಲ, ಬಳಸುವಾಗಲೂ ಆಗುತ್ತದೆ. ಮೊದಲಿಗೆ ಹೇಳಿದ ಬೇರಿಗೆ ನೇರವಾಗಿ ಕೈ ಹಾಕುವ ಉಪಾಯ ಇದು.

ಸೂತ್ರದ ಆಯ್ಕೆ, ಅದರೊಳಗಿನ ಕಪ್ಪುಕುಳಿ

ಎಚ್ಎಪ್ರಾಕ್ಸಿಯಲ್ಲಿ ಡೇಟಾಬೇಸ್‌ಗೆ ಸಾಮಾನ್ಯವಾಗಿ ಹೊಂದುವುದು ‘ಲೀಸ್ಟ್‌ಕಾನ್’: ಸದ್ಯಕ್ಕೆ ಯಾರ ಬಳಿ ಅತಿ ಕಡಿಮೆ ಕನೆಕ್ಷನ್ ಇದೆಯೋ ಅವರಿಗೆ ಮುಂದಿನದು. ಸರದಿ ಹಂಚಿಕೆ ಹಳೆಯ ಅಸಮತೋಲನವನ್ನು ನೋಡುವುದೇ ಇಲ್ಲ, ಲೀಸ್ಟ್‌ಕಾನ್ ನೋಡುತ್ತದೆ.

ಆದರೆ ಲೀಸ್ಟ್‌ಕಾನ್‌ಗೆ ಒಂದು ಕೆಟ್ಟ ಗುಣವಿದೆ. ಗ್ಯಾಲೆರಾ ಎಂಬ ಮೈಎಸ್‌ಕ್ಯೂಎಲ್ ಬಳಗದ ಕ್ಲಸ್ಟರ್‌ನ ಒಂದು ನೋಡ್ ನೆಟ್‌ವರ್ಕ್ ಕಡಿತದಿಂದ ಬಹುಮತದ ಗುಂಪಿನಿಂದ ಹೊರಬಿತ್ತು ಎನ್ನಿ. ಅದರ ಪೋರ್ಟ್ 3306 ತೆರೆದೇ ಇರುತ್ತದೆ, ಲಾಗಿನ್ ಕೂಡ ಆಗುತ್ತದೆ, ಆದರೆ ಕ್ವೆರಿ ಕಳಿಸಿದರೆ 1047 ಎಂಬ ದೋಷ ತಕ್ಷಣ ಮರಳುತ್ತದೆ. ಅಪ್ಲಿಕೇಶನ್ ಆ ಕನೆಕ್ಷನ್ ಮುಚ್ಚುತ್ತದೆ. ಈಗ ಅತಿ ಕಡಿಮೆ ಕನೆಕ್ಷನ್ ಇರುವ ಸರ್ವರ್ ಯಾವುದು? ಅದೇ ಕೆಟ್ಟ ನೋಡ್. ಮುಂದಿನದೂ ಅಲ್ಲಿಗೇ, ಅದರ ಮುಂದಿನದೂ ಅಲ್ಲಿಗೇ. ಬೇಗ ಸೋಲುವವನು ಬಿಡುವಾಗಿರುವಂತೆ ಕಾಣುತ್ತಾನೆ. ಮೂರರಲ್ಲಿ ಒಂದು ಕೆಟ್ಟರೆ ಮೂರನೇ ಒಂದು ಪಾಲು ತೊಂದರೆಯಾಗಬೇಕಿತ್ತು, ಹೊಸ ಕನೆಕ್ಷನ್‌ಗಳೆಲ್ಲವೂ ಸಾಯುತ್ತವೆ. ಇದರಿಂದ ಕಾಪಾಡುವುದು ಸರಿಯಾದ ಹೆಲ್ತ್ ಚೆಕ್ ಒಂದೇ.

ಪೋರ್ಟ್ ತೆರೆದಿದೆ ಅಂದರೆ ಏನೂ ಹೇಳಿದಂತಲ್ಲ

ಎಚ್ಎಪ್ರಾಕ್ಸಿಯ ಡಿಫಾಲ್ಟ್ ಚೆಕ್ ಟಿಸಿಪಿ ಪೋರ್ಟ್ ತೆರೆದಿದೆಯೇ ಎಂದಷ್ಟೇ ನೋಡುತ್ತದೆ: 2 ಸೆಕೆಂಡಿಗೊಮ್ಮೆ, ಸತತ 3 ಸಲ ಸೋತರೆ ಸತ್ತಂತೆ, 2 ಸಲ ಗೆದ್ದರೆ ಬದುಕಿದಂತೆ. ಸಾವನ್ನು ಗುರುತಿಸಲು ಸುಮಾರು 6 ಸೆಕೆಂಡ್. ಸಮಯದ ಮಟ್ಟಿಗೆ ಪರವಾಗಿಲ್ಲ, ಕೇಳುವ ಪ್ರಶ್ನೆಯೇ ತಪ್ಪು.

ಮೈಎಸ್‌ಕ್ಯೂಎಲ್ ಎದುರು ಈ ಬರಿ ಟಿಸಿಪಿ ಚೆಕ್ ಹಾನಿಯನ್ನೂ ಮಾಡುತ್ತದೆ. ಬಂದು, ಲಾಗಿನ್ ಆಗದೆ ಹೋಗುವ ಪ್ರತಿ ಭೇಟಿಯನ್ನೂ ಮೈಎಸ್‌ಕ್ಯೂಎಲ್ ಆ ವಿಳಾಸದ ಹೆಸರಿನಲ್ಲಿ ದೋಷವೆಂದು ಬರೆದಿಡುತ್ತದೆ; ಮಿತಿ ಡಿಫಾಲ್ಟ್ ಆಗಿ 100. ನಡುವೆ ಒಂದು ನಿಜವಾದ ಲಾಗಿನ್ ಆದರೆ ಎಣಿಕೆ ಸೊನ್ನೆಗೆ ಬರುತ್ತದೆ, ಹಾಗಾಗಿ ಓಡಾಟವಿರುವ ಸರ್ವರ್‌ನಲ್ಲಿ ಏನೂ ಕಾಣಿಸದು. ಯಾರೂ ಹೋಗದ ಬ್ಯಾಕಪ್ ನೋಡ್‌ನಲ್ಲಿ ಮಾತ್ರ ನೂರು ಚೆಕ್, ಅಂದರೆ 200 ಸೆಕೆಂಡ್ ಕಳೆಯುವಷ್ಟರಲ್ಲಿ ಪ್ರಾಕ್ಸಿಯ ಐಪಿಗೆ ಬಾಗಿಲು ಮುಚ್ಚುತ್ತದೆ. ಟಿಸಿಪಿ ಪೋರ್ಟ್ ಆಗಲೂ ತೆರೆದಿರುವುದರಿಂದ ಚೆಕ್ ಹಸಿರಾಗಿಯೇ ಉಳಿಯುತ್ತದೆ. ಮುಖ್ಯ ನೋಡ್ ಬಿದ್ದ ದಿನವೇ ಇದು ಬೆಳಕಿಗೆ ಬರುವುದು. ಎಚ್ಎಪ್ರಾಕ್ಸಿಯ ಮೈಎಸ್‌ಕ್ಯೂಎಲ್ ಚೆಕ್ ಆಯ್ಕೆಗೆ ಪಾಸ್‌ವರ್ಡ್ ಇಲ್ಲದ, ಯಾವ ಅನುಮತಿಯೂ ಇಲ್ಲದ ಒಂದು ಯೂಸರ್ ಹೆಸರು ಕೊಟ್ಟರೆ ಲಾಗಿನ್ ಪೂರ್ತಿಯಾಗಿ ಈ ತೊಡಕು ತಪ್ಪುತ್ತದೆ.

ಅದಕ್ಕಿಂತ ಒಳ್ಳೆಯದು, ಪ್ರತಿ ನೋಡ್‌ನಲ್ಲೂ ತನ್ನ ಸ್ಥಿತಿಯನ್ನು ಎಚ್‌ಟಿಟಿಪಿ ಮೂಲಕ ಹೇಳುವ ಒಂದು ಪುಟ್ಟ ಸೇವೆ. ಗ್ಯಾಲೆರಾದಲ್ಲಿ ರೂಢಿಯಲ್ಲಿರುವುದು 9200 ಪೋರ್ಟ್‌ನಲ್ಲಿ ಓಡುವ ಕ್ಲಸ್ಟರ್‌ಚೆಕ್ ಸ್ಕ್ರಿಪ್ಟ್. ಅದು ನೋಡ್‌ನ ಸ್ಥಿತಿ ಸಂಖ್ಯೆ 4, ಅಂದರೆ ‘ಸಿಂಕ್ಡ್’ ಇದ್ದರೆ 200 ಎನ್ನುತ್ತದೆ, ಇಲ್ಲದಿದ್ದರೆ 503. ಹೊಸ ನೋಡ್‌ಗೆ ತನ್ನ ದತ್ತಾಂಶ ನಕಲು ಕೊಡುತ್ತಿರುವ ನೋಡ್‌ನ ಸ್ಥಿತಿ 2, ‘ಡೋನರ್’. ಅದನ್ನು ಸರದಿಯಿಂದ ಹೊರಗಿಡಬೇಕೇ ಎಂಬುದು ನಿಮ್ಮ ಆಯ್ಕೆ. ಮೂರೇ ನೋಡ್‌ಗಳಿದ್ದು ಒಂದು ಬಿದ್ದು ಮರಳುತ್ತಿದ್ದರೆ, ಡೋನರನ್ನೂ ತೆಗೆದಾಗ ಉಳಿಯುವುದು ಒಂದೇ. ಪೋಸ್ಟ್‌ಗ್ರೆಸ್‌ನಲ್ಲಿ ಕ್ಲಸ್ಟರ್ ನಿರ್ವಹಿಸುವ ಪ್ಯಾಟ್ರೋನಿ ಬಳಸುವವರಿಗೆ ಈ ಸೇವೆ 8008 ಪೋರ್ಟ್‌ನಲ್ಲಿ ಸಿದ್ಧವಾಗಿಯೇ ಇದೆ: ಪ್ರೈಮರಿ (ಬರಹ ಸ್ವೀಕರಿಸುವ ಮುಖ್ಯ ಸರ್ವರ್) ಯಾರು, ರೆಪ್ಲಿಕಾ (ಅದರ ನಕಲು) ಯಾರು, ಎಷ್ಟು ಹಿಂದೆ ಬಿದ್ದಿದೆ, ಎಲ್ಲವನ್ನೂ ಕೇಳಬಹುದು. ಪ್ರಾಕ್ಸಿ ಕನೆಕ್ಷನ್ ಕಳಿಸುವುದು 5432ಕ್ಕೆ, ವಿಚಾರಿಸುವುದು 8008ರಲ್ಲಿ.

ಚೆಕ್ ಸರಿಯಿದ್ದರೂ ಒಂದು ಬಾಕಿ ಇದೆ. ಸರ್ವರ್ ಸತ್ತಿದೆ ಎಂದು ಗುರುತಾದ ಮೇಲೆ ಹೊಸ ಕನೆಕ್ಷನ್ ಅಲ್ಲಿಗೆ ಹೋಗುವುದಿಲ್ಲ, ಸರಿ, ಹಳೆಯವು? ಎಚ್ಎಪ್ರಾಕ್ಸಿ ಅವನ್ನು ತಾನಾಗಿ ಕಡಿಯುವುದಿಲ್ಲ. ಪ್ರೈಮರಿಯನ್ನು ಬದಲಿಸಿದಾಗ ಇದರ ಪರಿಣಾಮ ನೇರವಾಗಿ ಕಾಣುತ್ತದೆ: ಹಳೆಯ ಕನೆಕ್ಷನ್‌ಗಳು ರೆಪ್ಲಿಕಾ ಆಗಿಹೋದ ಸರ್ವರ್‌ಗೇ ಅಂಟಿಕೊಂಡಿದ್ದರೆ, ಬರೆಯಲು ಹೋದಾಗಲೆಲ್ಲ ಇದು ಓದಲಷ್ಟೇ ಇರುವ ಸರ್ವರ್ ಎಂಬ ದೋಷ. ‘ಆನ್ ಮಾರ್ಕ್ಡ್ ಡೌನ್’ ಸೆಟ್ಟಿಂಗ್‌ನಲ್ಲಿ ಸೆಶನ್‌ಗಳನ್ನು ಮುಚ್ಚು ಎಂದು ಹೇಳಿಡುವುದು ಇದಕ್ಕಾಗಿ.

ಮರಳಿ ಬಂದ ಸರ್ವರ್‌ಗೆ ಕೆಲಸವೇ ಇಲ್ಲ

ಮತ್ತೆ 400ರ ಲೆಕ್ಕಕ್ಕೆ ಬರೋಣ. ಮೂರನೇ ಸರ್ವರನ್ನು ಪ್ಯಾಚ್ ಹಾಕಲು ನಿಲ್ಲಿಸಿದಿರಿ. 200, 200, 0. ಹತ್ತು ನಿಮಿಷದಲ್ಲಿ ಅದು ಮರಳಿತು. ಆದರೆ 400 ಕನೆಕ್ಷನ್‌ಗಳೂ ಆಗಲೇ ತೆರೆದಿವೆ, ಹೊಸದು ಹುಟ್ಟುವ ಕಾರಣವೇ ಇಲ್ಲ. ಅಪ್ಲಿಕೇಶನ್ ರೀಸ್ಟಾರ್ಟ್ ಆಗುವ ತನಕ ಅದು ಹೀಗೇ. ಮೇಂಟೆನೆನ್ಸ್ ಮುಗಿದ ವಾರದ ಮೇಲೂ ಒಂದು ಸರ್ವರ್ ಬಿಸಿಲು ಕಾಯಿಸುತ್ತಾ ಕೂತಿರುವುದು ಹೀಗೆ.

ಮದ್ದು ಪೂಲ್‌ನಲ್ಲಿದೆ: ಕನೆಕ್ಷನ್‌ಗೆ ಗರಿಷ್ಠ ಆಯಸ್ಸು. ಹಿಕಾರಿಸಿಪಿಯಲ್ಲಿ ಡಿಫಾಲ್ಟ್ 30 ನಿಮಿಷ. ಕನೆಕ್ಷನ್‌ಗಳು ಹುಟ್ಟಿದ ಗಳಿಗೆಗಳು ಚದುರಿದ್ದರೆ ನಿಮಿಷಕ್ಕೆ ಸುಮಾರು 13 ಸಾಯುತ್ತವೆ, 13 ಹೊಸದಾಗಿ ಹುಟ್ಟುತ್ತವೆ. ಲೀಸ್ಟ್‌ಕಾನ್ ಇದ್ದರೆ ಅವೆಲ್ಲವೂ ಖಾಲಿ ಸರ್ವರ್‌ಗೇ ಹೋಗಿ ಸುಮಾರು ಹತ್ತು ನಿಮಿಷದಲ್ಲಿ ಸಮವಾಗುತ್ತದೆ. ಸರದಿ ಹಂಚಿಕೆಯಾದರೆ ಮೂರರಲ್ಲಿ ಒಂದು ಮಾತ್ರ ಅತ್ತ ಹೋಗುವುದರಿಂದ ಪೂರ್ತಿ ಅರ್ಧ ಗಂಟೆ ಬೇಕು. ಎಲ್ಲವೂ ಒಂದೇ ನಿಮಿಷದಲ್ಲಿ ಹುಟ್ಟಿದ್ದರೆ ಒಂದೇ ನಿಮಿಷದಲ್ಲಿ ಸಾಯುತ್ತವೆ, ಲಾಗಿನ್ ಪ್ರವಾಹ ಬರುತ್ತದೆ. ಅದಕ್ಕೇ ಒಳ್ಳೆಯ ಪೂಲ್‌ಗಳು ಪ್ರತಿ ಕನೆಕ್ಷನ್‌ನ ಆಯಸ್ಸನ್ನು ಚೂರು ಚೂರು ಏರುಪೇರು ಮಾಡುತ್ತವೆ.

ಆಯಸ್ಸನ್ನು 1 ನಿಮಿಷಕ್ಕೆ ಇಳಿಸುವ ಆಸೆ ಬೇಡ, ಆಗ ಪೂಲ್ ಇಟ್ಟ ಲಾಭವೇ ಹೋಗುತ್ತದೆ. ಹಾಗೆಯೇ ಮರಳಿದ ಸರ್ವರ್‌ನ ಕ್ಯಾಶ್ ಖಾಲಿ, ಎಲ್ಲವನ್ನೂ ಡಿಸ್ಕ್‌ನಿಂದ ಓದಬೇಕು. ಅದರ ಮೇಲೆ ಲೀಸ್ಟ್‌ಕಾನ್ ಒಮ್ಮೆಲೇ ಎಲ್ಲ ಸುರಿಯದಿರಲು ಎಚ್ಎಪ್ರಾಕ್ಸಿಯ ‘ಸ್ಲೋಸ್ಟಾರ್ಟ್’ ಇದೆ: ಕೊಟ್ಟ ಅವಧಿಯಲ್ಲಿ ಸರ್ವರ್‌ನ ತೂಕವನ್ನು ಮೆಲ್ಲಗೆ ಶೇ 100ಕ್ಕೆ ಏರಿಸುತ್ತದೆ. ಎಚ್ಎಪ್ರಾಕ್ಸಿಯೇ ಹೊಸದಾಗಿ ಎದ್ದಾಗ ಮಾತ್ರ ಇದು ಅನ್ವಯಿಸುವುದಿಲ್ಲ.

ಮಾತಿಲ್ಲದೆ ಕಡಿದುಹೋಗುವ ಕನೆಕ್ಷನ್

ಕ್ಲೈಂಟ್‌ನಿಂದ ಸರ್ವರ್‌ವರೆಗೆ ಹಲವು ಗಡಿಯಾರಗಳು ಒಟ್ಟಿಗೆ ಓಡುತ್ತಿರುತ್ತವೆ: ಪೂಲ್‌ನದು, ಪ್ರಾಕ್ಸಿಯದು, ಫೈರ್‌ವಾಲ್‌ನದು, ಡೇಟಾಬೇಸ್‌ನದು. ಮೈಎಸ್‌ಕ್ಯೂಎಲ್ ಸುಮ್ಮನಿರುವ ಕನೆಕ್ಷನನ್ನು 28,800 ಸೆಕೆಂಡ್, ಅಂದರೆ 8 ಗಂಟೆ ಸಹಿಸಿಕೊಳ್ಳುತ್ತದೆ. ವೆಬ್‌ಗೆಂದು ಬರೆದ ಎಚ್ಎಪ್ರಾಕ್ಸಿ ಕಾನ್ಫಿಗರೇಶನ್ ನಕಲಿಸಿಕೊಂಡರೆ ಅದರಲ್ಲಿ 50 ಸೆಕೆಂಡ್ ಇರಬಹುದು. ಬಿಡುವಿನ ಹೊತ್ತಲ್ಲಿ ಪ್ರಾಕ್ಸಿ ಕಡಿದ ಕನೆಕ್ಷನ್‌ನ ಮೇಲೆ ಅಪ್ಲಿಕೇಶನ್ ಕ್ವೆರಿ ಕಳಿಸಿ ದೋಷ ಪಡೆಯುತ್ತದೆ. ಗಡಿಯಾರಗಳ ಕ್ರಮ ಹೀಗಿರಲಿ: ಎಲ್ಲಕ್ಕಿಂತ ಮೊದಲು ಮುಗಿಯುವುದು ಪೂಲ್‌ನದು, ಆಮೇಲೆ ನಡುವಿನವರದು, ಕೊನೆಗೆ ಡೇಟಾಬೇಸ್‌ನದು. ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್ ಕಾಪಾಡುತ್ತದೆ ಎಂದು ನಂಬುವಂತಿಲ್ಲ. ಡಿಫಾಲ್ಟ್‌ನಲ್ಲಿ ಅದು ಮೊದಲ ಸಲ ವಿಚಾರಿಸುವುದೇ 7200 ಸೆಕೆಂಡ್ ಆದ ಮೇಲೆ, ಆಮೇಲೆ 75 ಸೆಕೆಂಡಿಗೊಮ್ಮೆ 9 ಸಲ. ಸಾವು ಗೊತ್ತಾಗಲು 2 ಗಂಟೆ 11 ನಿಮಿಷ.

ಇದಕ್ಕಿಂತ ಕೆಟ್ಟದ್ದು ದೀರ್ಘ ಕ್ವೆರಿಯ ಕತೆ. ಹತ್ತು ನಿಮಿಷ ಓಡುವ ವರದಿ ಫಲಿತಾಂಶ ಕೊಡುವ ತನಕ ಒಂದು ಬೈಟನ್ನೂ ಕಳಿಸದು. ಐದನೇ ನಿಮಿಷಕ್ಕೆ ಪ್ರಾಕ್ಸಿ ಕಡಿಯುತ್ತದೆ. ಅಪ್ಲಿಕೇಶನ್ ಮರುಯತ್ನಿಸುತ್ತದೆ. ಕ್ಲೈಂಟ್ ಹೋದದ್ದು ಪೋಸ್ಟ್‌ಗ್ರೆಸ್‌ಗೆ ಸಾಮಾನ್ಯವಾಗಿ ಫಲಿತಾಂಶ ಕಳಿಸುವಾಗಷ್ಟೇ ತಿಳಿಯುವುದರಿಂದ ಮೊದಲ ಕ್ವೆರಿ ಇನ್ನೂ ಓಡುತ್ತಲೇ ಇರುತ್ತದೆ, ಈಗ ಎರಡಾಯಿತು. 14ನೇ ಆವೃತ್ತಿಯಿಂದ ಕ್ವೆರಿಯ ನಡುವೆ ಕ್ಲೈಂಟ್ ಇದೆಯೇ ಎಂದು ನೋಡುವ ಸೆಟ್ಟಿಂಗ್ ಇದೆ, ಡಿಫಾಲ್ಟ್ ಸೊನ್ನೆ, ಆನ್ ಮಾಡಿಕೊಳ್ಳಬೇಕು.

ಓದು ಒಂದು ಬಾಗಿಲು, ಬರಹ ಇನ್ನೊಂದು

ಪ್ರೈಮರಿ ಮತ್ತು ರೆಪ್ಲಿಕಾಗಳ ಕ್ಲಸ್ಟರ್‌ನಲ್ಲಿ ಬರಹ ಹೋಗಬೇಕಾದದ್ದು ಒಂದೇ ಕಡೆ. ಪ್ರಾಕ್ಸಿಯಲ್ಲಿ ಎರಡು ಪೋರ್ಟ್ ತೆರೆದು, ಅಪ್ಲಿಕೇಶನ್‌ನಲ್ಲಿ ಎರಡು ಪೂಲ್ ಇಡುವುದು ಸರಳ ವ್ಯವಸ್ಥೆ. ಈಗಷ್ಟೇ ಬರೆದದ್ದನ್ನು ರೆಪ್ಲಿಕಾದಿಂದ ಓದಿದರೆ ಅದು ಇನ್ನೂ ಅಲ್ಲಿಗೆ ತಲುಪಿಲ್ಲದಿರಬಹುದು, ಆದ್ದರಿಂದ ‘ಉಳಿಸಿ’ ಒತ್ತಿದ ಬೆನ್ನಿಗೇ ತೋರಿಸುವ ಪುಟವನ್ನು ಬರಹದ ಪೂಲ್‌ನಿಂದಲೇ ಓದಿಸಿ.

ಗ್ಯಾಲೆರಾದಲ್ಲಿ ಎಲ್ಲ ನೋಡ್‌ಗಳಿಗೂ ಬರೆಯಬಹುದು ಎನ್ನುವುದು ನಿಜ, ಆದರೆ ಎರಡು ನೋಡ್‌ಗಳಲ್ಲಿ ಒಂದೇ ಸಾಲನ್ನು ಏಕಕಾಲಕ್ಕೆ ಬದಲಿಸಿದರೆ ಮೊದಲು ಕಮಿಟ್ ಆದದ್ದು ಉಳಿಯುತ್ತದೆ, ಇನ್ನೊಂದಕ್ಕೆ 1213 ಡೆಡ್‌ಲಾಕ್ ದೋಷ, ಅದೂ ಕಮಿಟ್ ಮಾಡುವಾಗ. ಕಮಿಟ್‌ನಲ್ಲಿ ಸೋಲು ಬರಬಹುದೆಂದು ಬರೆದ ಕೋಡ್ ಬಹಳ ಕಡಿಮೆ. ಬರಹಕ್ಕೆ ಒಂದೇ ನೋಡ್ ಇಟ್ಟು ಉಳಿದವನ್ನು ಬ್ಯಾಕಪ್ ಎಂದು ಗುರುತಿಸುವುದೇ ಕ್ಷೇಮ.

ಪೋಸ್ಟ್‌ಗ್ರೆಸ್‌ನ ಮುಂದೆ ಪಿಜಿಬೌನ್ಸರ್ ಎಂಬ ಪೂಲ್ ಪ್ರಾಕ್ಸಿ ಇಟ್ಟು ಟ್ರಾನ್ಸಾಕ್ಷನ್ ಮೋಡ್‌ನಲ್ಲಿ (ಸರ್ವರ್ ಕನೆಕ್ಷನನ್ನು ಒಂದು ಟ್ರಾನ್ಸಾಕ್ಷನ್ ಮುಗಿಯುವ ತನಕ ಮಾತ್ರ ಕೊಡುವ ಕ್ರಮ) ಓಡಿಸಿದರೆ ಲೆಕ್ಕವೇ ಹಗುರಾಗುತ್ತದೆ: ಕ್ಲೈಂಟ್‌ಗಳು 400 ಇದ್ದರೂ ಸರ್ವರ್ ಕಡೆ ಡಿಫಾಲ್ಟ್ ಆಗಿ ಒಂದು ಡೇಟಾಬೇಸ್, ಒಬ್ಬ ಯೂಸರ್ ಜೋಡಿಗೆ 20 ಕನೆಕ್ಷನ್. ತೆರಬೇಕಾದ ಬೆಲೆ ಎಂದರೆ ಸೆಶನ್‌ಗೆ ಅಂಟಿದ ನೆನಪು ಟ್ರಾನ್ಸಾಕ್ಷನ್ ದಾಟಿ ಉಳಿಯುವುದಿಲ್ಲ. ಸೆಶನ್ ಸೆಟ್ಟಿಂಗ್, ಸೆಶನ್ ಲಾಕ್ ನಂಬಿದ ಕೋಡ್ ಮುರಿಯುತ್ತದೆ. ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳಿಗೆ 2023ರ 1.21 ಆವೃತ್ತಿಯಿಂದ ಈ ಮೋಡ್‌ನಲ್ಲೂ ಬೆಂಬಲ ಸಿಕ್ಕಿದೆ.

ಅಳೆಯುವುದು

ಎಲ್ಲಿ ಏನಾಗಿದೆ ಎಂದು ನೋಡಲು ಪ್ರಾಕ್ಸಿಯ ಅಂಕಿಗಳು ಸಾಲವು. ಪ್ರತಿ ಪೋಸ್ಟ್‌ಗ್ರೆಸ್ ಸರ್ವರ್‌ನ ಆಕ್ಟಿವಿಟಿ ಪಟ್ಟಿಯಲ್ಲಿ ಕನೆಕ್ಷನ್‌ಗಳನ್ನು ಸ್ಥಿತಿವಾರು ಎಣಿಸಿ: ಕೆಲಸದಲ್ಲಿರುವುದೆಷ್ಟು, ಸುಮ್ಮನಿರುವುದೆಷ್ಟು, ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನಿರುವುದೆಷ್ಟು. ಒಟ್ಟು ಸಂಖ್ಯೆ ಮೂರೂ ಕಡೆ ಸಮವಿದ್ದು, ಕೆಲಸದಲ್ಲಿರುವವು ಒಂದೇ ಕಡೆ ಗುಂಪಾಗಿದ್ದರೆ ಬ್ಯಾಲೆನ್ಸರನ್ನು ಮುಟ್ಟಬೇಡಿ. ಭಾರಿ ಕ್ವೆರಿಗಳನ್ನು ಬೇರೆ ಪೂಲ್‌ಗೆ ಎತ್ತಿ, ಅದಕ್ಕೆ ಬೇರೆ ರೆಪ್ಲಿಕಾ ಗೊತ್ತುಮಾಡಿ. ಒಟ್ಟು ಸಂಖ್ಯೆಯೇ ಅಸಮವಿದ್ದರೆ ಕನೆಕ್ಷನ್‌ಗಳ ವಯಸ್ಸು ನೋಡಿ: ದಿನಗಟ್ಟಲೆ ಹಳೆಯವು ಕಂಡರೆ ಆ ಪೂಲ್‌ಗೆ ಗರಿಷ್ಠ ಆಯಸ್ಸು ಹಾಕಿಲ್ಲ.

ಪರೀಕ್ಷೆ ಮಾಡುವಾಗ ಡೇಟಾಬೇಸ್ ಸೇವೆಯನ್ನು ಮರ್ಯಾದೆಯಿಂದ ನಿಲ್ಲಿಸಿ ತೃಪ್ತರಾಗಬೇಡಿ. ಹಾಗೆ ನಿಲ್ಲಿಸಿದಾಗ ಕರ್ನಲ್ ‘ಇಲ್ಲಿ ಯಾರೂ ಇಲ್ಲ’ ಎಂದು ತಕ್ಷಣ ಉತ್ತರಿಸುತ್ತದೆ, ಎಲ್ಲ ಕ್ಲೈಂಟ್‌ಗಳೂ ಮಿಲಿಸೆಕೆಂಡುಗಳಲ್ಲಿ ಬೇರೆಡೆ ಹೋಗುತ್ತವೆ. ನೆಟ್‌ವರ್ಕ್ ಕಡಿಯಿರಿ, ಪ್ಯಾಕೆಟ್‌ಗಳು ಉತ್ತರವಿಲ್ಲದೆ ಮಾಯವಾಗಲಿ. ಮೇಲೆ ಹೇಳಿದ ಸುಮಾರು 130 ಸೆಕೆಂಡ್, 2 ಗಂಟೆ 11 ನಿಮಿಷ ಹೊರಬರುವುದು ಆಗ.